ಕಾರಿನ ತವರು ಹಿಂದೂಪುರ

ಜಗಳವಾಡುವುದು ನನಗೆ ಚೆನ್ನಾಗಿ ಬರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ಗೌರಿಬಿದನೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಹಾಲಿಗೆ ನೀರು ಬೆರೆಸುವವನು, ಮಳೆ ಬಂದರೆ ಫೋನ್ ಎತ್ತದ ಕೇಬಲ್ಲಿನವನು, ಕಿಟಕಿಯಿಂದ ಟವೆಲು ಎಸೆದು ಬಸ್ಸಿನ ಸೀಟು ಹಿಡಿಯುವವನು, ಇವರೆಲ್ಲ ನನ್ನ ಬಾಯಿಗೆ ಸಿಕ್ಕು ಬದುಕುಳಿದವರು. ಆದರೆ ಜಗಳವೇ ಬೇರೆ, ಕೇಸೇ ಬೇರೆ ಎನ್ನುವುದು ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಜಗಳದಲ್ಲಿ ಬಾಯಿ ನಮ್ಮದೇ, ಬೇಕಾದಷ್ಟು ಬಳಸಬಹುದು. ಕೇಸಿನಲ್ಲಿ ನಮ್ಮ ಬಾಯನ್ನು ಲಾಯರಿಗೆ ವಹಿಸಿ ನಾವು ಬೆಂಚಿನ ಮೇಲೆ ಕೈಕಟ್ಟಿ ಕೂರಬೇಕು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವಳಿಗೆ ಬೇರೆಯವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸವೇ ಹೊರತು ಕೂತು ಅಭ್ಯಾಸವಿಲ್ಲ.

ಕೇಸು ಹಾಕಿದ್ದು ಕಾರಿನ ಸಲುವಾಗಿ. ಕಾರು ಬೇಕೆಂದು ಹಟ ಹಿಡಿದವಳು ನಾನು. ನಮ್ಮ ಯಜಮಾನರು ನಾರಾಯಣಸ್ವಾಮಿಯವರದು ಹಾರ್ಡ್‌ವೇರ್ ಅಂಗಡಿ. ಮೊಳೆ, ಚಿಲಕ, ನಲ್ಲಿಗಳ ನಡುವೆ ಕೂತು ಕೂತು ಅವರ ಸ್ವಭಾವ ಮಾತ್ರ ಹತ್ತಿಯಂತಾಗಿದೆ. ಅವರ ಇಡೀ ಜೀವನದರ್ಶನ ‘ಹೋಗ್ಲಿ ಬಿಡೇ’ ಎನ್ನುವ ಎರಡು ಮಾತಿನಲ್ಲಿ ಮುಗಿಯುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ನನಗೆ ನವಿಲುನೀಲಿಯೇ ಬೇಕಿತ್ತು. ನಮ್ಮ ಕಡೆಯ ಶೋರೂಮುಗಳಲ್ಲಿ ಆ ಬಣ್ಣಕ್ಕೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಗಡಿ ದಾಟಿ ಹಿಂದೂಪುರಕ್ಕೆ ಹೋದರೆ ಅಲ್ಲಿನ ಶೋರೂಮಿನಲ್ಲಿ ಅದೇ ನೀಲಿ ಕಾರು ಮಲ್ಲಿಗೆ ಹಾರ ಹಾಕಿಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಸೇಲ್ಸಿನ ಹುಡುಗ ಸುಧಾಕರ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ‘ಮೀ ಕೋಸಮೇ ಬಂದಿದೆ ಮೇಡಂ, ಇವತ್ತೇ ತಗೊಂಡ್ಹೋಗಿ’ ಎಂದ. ನನಗೋಸ್ಕರವೇ ಬಂದಿದೆ ಎಂದ ಮೇಲೆ ಬಿಟ್ಟುಬರುವುದು ಹೇಗೆ? ಕಾರನ್ನು ನನ್ನ ಹೆಸರಿನಲ್ಲೇ ಕೊಂಡೆವು. ನನಗೆ ಡ್ರೈವಿಂಗ್ ಬರುವುದಿಲ್ಲ ಎನ್ನುವುದು ಆಗ ಯಾರಿಗೂ ಮುಖ್ಯವೆನಿಸಲಿಲ್ಲ.

ವಿದುರಾಶ್ವತ್ಥಕ್ಕೆ ಹೋಗಿ ಪೂಜೆ ಮಾಡಿಸಿ, ಚಕ್ರಗಳಡಿ ನಿಂಬೆಹಣ್ಣಿಟ್ಟು ಹತ್ತಿಸಿ, ದೃಷ್ಟಿ ತೆಗೆಸಿದ್ದೂ ಆಯಿತು. ನಮ್ಮತ್ತೆ ಒಳಗೆ ಕೂತ ತಕ್ಷಣ ಮೂಗು ಅರಳಿಸಿ, ‘ಇದೇನೇ ಗಿರಿಜಾ, ಹೊಸ ಗಾಡೀಲಿ ಊದುಬತ್ತಿ ಜೊತೆಗೆ ಪುಳಿಯೋಗರೆ ವಾಸನೆ?’ ಎಂದರು. ಅತ್ತೆಯವರು ನಾನು ತಂದ ಯಾವ ವಸ್ತುವನ್ನೂ ಹೊಗಳಿದವರಲ್ಲವಾದ್ದರಿಂದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಗತ್ತಿನಲ್ಲಿ ಎಷ್ಟೋ ಸತ್ಯಗಳು ಅತ್ತೆಯ ಬಾಯಿಂದ ಬಂದವು ಎನ್ನುವ ಒಂದೇ ಕಾರಣಕ್ಕೆ ಸೊಸೆಯರ ಕಿವಿಗೆ ಬೀಳದೆ ಹೋಗಿವೆ.

ಮೊದಲ ಸರ್ವೀಸಿಗೆಂದು ಮತ್ತೆ ಹಿಂದೂಪುರಕ್ಕೆ ಹೋದ ದಿನ ಗುಟ್ಟು ಹೊರಬಿತ್ತು. ಯಜಮಾನರು ಕೀಲಿಯನ್ನು ಸುಧಾಕರನ ಕೈಗೆ ಕೊಟ್ಟು ಬಿಲ್ಲಿನ ಕೌಂಟರಿಗೆ ಹೋದರು. ಬಿಸಿಲೆಂದು ನಾನು ಹಿಂದಿನ ಸೀಟಿನಲ್ಲೇ ಕೂತಿದ್ದೆ. ಕಾರನ್ನು ಹಿತ್ತಿಲ ಶೆಡ್ಡಿಗೆ ಸಾಗಿಸಲು ಸುಧಾಕರ ಮುಂದೆ ಕೂತು ಎಂಜಿನ್ ಚಾಲು ಮಾಡಿದ. ಡ್ಯಾಶ್‌ಬೋರ್ಡಿನ ಪರದೆ ಕಣ್ಣುಬಿಟ್ಟು, ಕಳೆದುಹೋದ ಮಗ ಸಿಕ್ಕಿದ ತಾಯಿಯ ಹಾಗೆ ‘ಸುಧಾಕರ್ ಫೋನ್’ ಎಂದು ತೋರಿಸಿತು. ಅದೇ ಗಳಿಗೆಗೆ ಅವನಿಗೊಂದು ಕರೆ ಬಂತು. ಕಾರಿನ ಎಲ್ಲ ಸ್ಪೀಕರುಗಳಿಂದ ಒಟ್ಟಿಗೆ ಹೆಂಗಸಿನ ದನಿಯೊಂದು ಗುಡುಗಿತು: ‘ಏಮಂಡೀ, ಕಾಕರಕಾಯ ತೆಮ್ಮಂಟೇ ಸೊರಕಾಯ ತೆಚ್ಚಿನಾರೇಮಿ?’ ಹಾಗಲಕಾಯಿ ತನ್ನಿ ಎಂದರೆ ಸೋರೆಕಾಯಿ ಏಕೆ ತಂದಿರಿ ಎಂದು ಅವನ ಹೆಂಡತಿ ಕೇಳುತ್ತಿದ್ದಳು. ಸುಧಾಕರ ಸಿಕ್ಕಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ವೈಪರ್ ಆಡಿತು, ಎಸಿ ಜೋರಾಯಿತು, ಆದರೆ ಆಕೆ ನಿಲ್ಲಲಿಲ್ಲ. ಕೊನೆಗೆ ಅವನು ಎಂಜಿನ್ನನ್ನೇ ಆರಿಸಿ ನನ್ನ ಕಡೆ ತಿರುಗಿ ಬೆವರೊರೆಸಿಕೊಂಡ. ‘ಬ್ಲೂಟೂತ್ ಹಂಗೇ ಮೇಡಂ, ಪಕ್ಕದಲ್ಲಿ ಯಾರಿದ್ರೂ ಹಿಡ್ಕೊಂಡ್ಬಿಡುತ್ತೆ.’

ಪಕ್ಕದಲ್ಲಿ ನಾನೂ ಇದ್ದೆ. ಮನೆಗೆ ತಂದಾಗಿನಿಂದ ನನ್ನ ಫೋನನ್ನು ಅದು ಒಂದು ದಿನವೂ ಹಿಡಿದುಕೊಂಡಿರಲಿಲ್ಲ. ನಮ್ಮ ಪಕ್ಕದ ಮನೆಯ ಶಬಾನಾ ನಮ್ಮದೇ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಸಂಜೆ ಅವರನ್ನು ಕೇಳಿದೆ. ‘ಅಕ್ಕಾ, ಒಂದ್ಸಲ ಜೋಡಿಸಿಟ್ಟಿದ್ರೆ ಮಾತ್ರ ಫೋನು ತಾನಾಗೇ ಸೇರ್ಕೊಳ್ಳುತ್ತೆ. ನಿಮ್ಮ ಗಾಡಿಗೂ ಆ ಹುಡುಗನಿಗೂ ಹಳೇ ಪರಿಚಯ ಇದೆ’ ಎಂದರು. ಕಾರಿಗೂ ಒಂದು ಪೂರ್ವಾಶ್ರಮವಿತ್ತೆಂದು ಆಗ ಹೊಳೆಯಿತು. ನಮಗೆ ಹೊಸದೆಂದು ಮಾರಿದ್ದು ಗಿರಾಕಿಗಳನ್ನು ಕೂರಿಸಿಕೊಂಡು ಊರು ಸುತ್ತಿಸುವ ಡೆಮೋ ಗಾಡಿ. ಯಾರ್ಯಾರೋ ಅದರಲ್ಲಿ ಪುಳಿಯೋಗರೆ ತಿಂದು ಕೈ ಒರೆಸಿದ್ದರು.

ಯಜಮಾನರು ತಮ್ಮ ದರ್ಶನವನ್ನು ಮಂಡಿಸಿದರು: ‘ಓಡ್ತಾ ಇದೆಯಲ್ಲ, ಹೋಗ್ಲಿ ಬಿಡೇ.’ ನಾನು ಶೋರೂಮಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಆತ ಬಹಳ ಮರ್ಯಾದಸ್ಥ. ಒಮ್ಮೆಯೂ ದನಿ ಏರಿಸದೆ, ‘ಕೇಸ್ ಹಾಕೋದಾದ್ರೆ ದಯಮಾಡಿ ನಮ್ಮ ಸ್ಟೇಟಿಗೇ ಬಂದು ಹಾಕಿ ಮೇಡಂ, ಬಿಲ್ಲಿನ ಹಿಂದೆ ಪ್ರಿಂಟ್ ಮಾಡಿದೀವಿ’ ಎಂದ. ತಿರುಗಿಸಿ ನೋಡಿದರೆ ನಿಜವಾಗಿಯೂ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಹಾಗೇ ಇತ್ತು. ಅವನು ಬೈದಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆನೋ ಏನೋ. ‘ದಯಮಾಡಿ’ ಎಂದದ್ದು ಮೈ ಉರಿಸಿತು.

ಹೀಗೆ ನಾನು ಚಿಕ್ಕಬಳ್ಳಾಪುರದ ಲಾಯರ್ ಮುನಿರಾಜು ಅವರ ಎದುರು ಕೂತೆ. ಅವರು ಕಥೆಯನ್ನೆಲ್ಲ ಕೇಳಿ, ಕನ್ನಡಕ ಹಣೆಗೇರಿಸಿ ನಕ್ಕರು. ‘ಅಮ್ಮಾ, ಈಗಿನ ಕಾನೂನಲ್ಲಿ ಕೊಂಡೋರು ಎಲ್ಲಿ ವಾಸ ಇರ್ತಾರೋ ಅಲ್ಲೇ ಗ್ರಾಹಕರ ಆಯೋಗಕ್ಕೆ ಹೋಗ್ಬೋದು. ಅವರೇ ಗಡಿ ದಾಟಿ ಬರ್ಲಿ.’ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ‘ಆದ್ರೆ ಇವತ್ತಿಂದ ಆ ಗಾಡಿ ಓಡಿಸ್ಬೇಡಿ. ಅದೇ ಸಾಕ್ಷಿ.’ ಅಂದಿನಿಂದ ನಾವು ಕಾರಿನ ಕೇಸಿಗಾಗಿ ಬಸ್ಸಿನಲ್ಲಿ ಓಡಾಡತೊಡಗಿದೆವು. ಮಂಚೇನಹಳ್ಳಿಯಲ್ಲಿ ಹತ್ತುವ ಹೂವಿನ ಮೂಟೆಗಳ ನಡುವೆ ಒಂಟಿಕಾಲಿನಲ್ಲಿ ನಿಂತಾಗ ಯಾರಾದರೂ ‘ಎಲ್ಲಿಗೆ ಹೊರಟ್ರಿ ಟೀಚರಮ್ಮ?’ ಎಂದರೆ, ‘ನಮ್ಮ ಕಾರಿನ ಕೆಲಸದ ಮೇಲೆ’ ಎಂದು ಹೇಳಬೇಕು. ಸಾಕ್ಷಿ ಮಾತ್ರ ಮನೆಯ ಮುಂದೆ ಟಾರ್ಪಾಲು ಹೊದ್ದು ಮಲಗಿತ್ತು. ಬೇಸಿಗೆ ಬಂದಾಗ ಅತ್ತೆಯವರು ಟಾರ್ಪಾಲಿನ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಒತ್ತಿದರು. ನಾನು ಗೊಣಗಿದ್ದಕ್ಕೆ, ‘ನಿನ್ನ ಕೋರ್ಟಿಗೆ ಅದು ಸಾಕ್ಷಿ ಕಣಮ್ಮ, ನನಗೆ ಮಂಚ. ಅದರ ಪಾಡಿಗೆ ಅದು ನಿಂತಿದೆ, ನನ್ನ ಪಾಡಿಗೆ ನಾನು ಒತ್ತೀನಿ’ ಎಂದರು. ಆ ವರ್ಷದ ಸಂಡಿಗೆ ಗರಿಗರಿಯಾಗಿ ಬಂತು ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಶೋರೂಮಿನವರ ಲಾಯರು ವಾಯಿದೆಯ ಮೇಲೆ ವಾಯಿದೆ ಕೇಳಿ ಕೊನೆಗೊಂದು ದಿನ ವಾದಕ್ಕೆ ನಿಂತರು. ಅವರ ಮೊದಲ ಬಾಣವೇ ನನ್ನ ಎದೆಗೆ. ‘ದೂರುದಾರರಿಗೆ ಕಾರು ಓಡಿಸೋಕೇ ಬರಲ್ಲ. ಹೊಸದು ಯಾವುದು, ಹಳೇದು ಯಾವುದು ಅಂತ ಇವರಿಗೆ ಹೇಗೆ ಗೊತ್ತಾಯ್ತು?’ ಆಯೋಗದ ಅಧ್ಯಕ್ಷರು ನನ್ನ ಕಡೆ ನೋಡಿ, ‘ಹೌದೇನಮ್ಮಾ?’ ಎಂದರು. ಅಷ್ಟು ತಿಂಗಳು ಕಟ್ಟಿಟ್ಟಿದ್ದ ಬಾಯಿ. ‘ಹೌದು ಸ್ವಾಮಿ. ನನಗೆ ಅಡುಗೇನೂ ಬರಲ್ಲ ಅಂತ ನಮ್ಮತ್ತೆ ಹೇಳ್ತಾರೆ. ಆದ್ರೂ ಸಾರು ಹಳಸಿದ್ರೆ ಗೊತ್ತಾಗುತ್ತೆ’ ಎಂದುಬಿಟ್ಟೆ. ಅಧ್ಯಕ್ಷರು ಕರವಸ್ತ್ರ ತೆಗೆದು ಕೆಮ್ಮಿದರು. ಮುನಿರಾಜು ಮಾತ್ರ ಹೊರಗೆ ಬಂದು, ‘ಅಮ್ಮಾ, ಇನ್ಮೇಲೆ ನೀವು ಮಾತಾಡ್ಬೇಡಿ. ನಕ್ಕೋರೆಲ್ಲ ನಮ್ಮ ಕಡೆಗೇ ತೀರ್ಪು ಕೊಡ್ತಾರೆ ಅಂತಿಲ್ಲ. ಗಾಡಿ ಮೊದ್ಲು ಓಡಿದೆ ಅನ್ನೋಕೆ ಗಟ್ಟಿ ಸಾಕ್ಷಿ ಬೇಕು. ಆ ಹುಡುಗನ ಫೋನು ಅಕಸ್ಮಾತ್ ಸೇರ್ತು ಅಂತಾರೆ, ಮುಗೀತು’ ಎಂದರು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸುಧಾಕರ. ಮುಖ ಬಾಡಿತ್ತು. ಹಿಂದೆ ಸಣ್ಣ ಮೈಕಟ್ಟಿನ ಹೆಂಗಸೊಬ್ಬಳು ನಿಂತಿದ್ದಳು. ಆಕೆ ‘ಅಕ್ಕಾ, ಲೋಪಲಿಕಿ ರಾವಚ್ಚಾ?’ ಎಂದು ಒಳಗೆ ಬರಲು ಅಪ್ಪಣೆ ಕೇಳಿದಳಷ್ಟೆ, ನನಗೆ ಗುರುತು ಹತ್ತಿತು. ಆರು ಸ್ಪೀಕರುಗಳಲ್ಲಿ ಕೇಳಿದ ದನಿಯನ್ನು ಮರೆಯುವುದುಂಟೇ! ಸುಧಾಕರ ಕೂತು ತಲೆ ತಗ್ಗಿಸಿ ವಿಷಯ ಹೇಳಿದ. ಆ ಗಾಡಿ ಬೇರೆ ಎಲ್ಲೂ ಓಡಿಲ್ಲ, ಫೋನು ತಪ್ಪಿ ಸೇರಿಕೊಂಡದ್ದು ಎಂದು ಪ್ರಮಾಣಪತ್ರ ಬರೆದುಕೊಡಲು ಮ್ಯಾನೇಜರು ಹೇಳಿದ್ದಾನೆ. ಬರೆಯದಿದ್ದರೆ ಕೆಲಸವಿಲ್ಲ. ನಾವೇ ಕೇಸು ಕೈಬಿಟ್ಟರೆ ಆ ಸುಳ್ಳು ಬರೆಯುವುದು ತಪ್ಪುತ್ತದೆ ಎಂದ. ನಮ್ಮ ಯಜಮಾನರು ಕೇಳಿದ್ದೇ ಕರಗಿ ನೀರಾದರು. ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ನನ್ನ ಹಿಂದೆಯೇ ಬಂದು, ‘ಪಾಪ ಕಣೇ ಗಿರಿಜಾ. ಒಂದು ಕಾರಿಗೋಸ್ಕರ ಒಬ್ಬನ ಅನ್ನ ಕಿತ್ಕೊಳ್ಳೋದಾ?’ ಎಂದರು. ನಾನು ಉಕ್ಕಿ ಬಂದ ಹಾಲನ್ನು ಇಳಿಸಿದೆ. ಜಗಳದಲ್ಲಿ ಇಂಥ ತೊಂದರೆ ಇರಲಿಲ್ಲ. ಎದುರಿಗಿದ್ದವನ ಮನೆಯವರು ಯಾರೂ ಲೋಟ ಹಿಡಿದು ನಮ್ಮ ಸೋಫಾದ ತುದಿಯಲ್ಲಿ ಕೂರುತ್ತಿರಲಿಲ್ಲ. ಹೋಗಲಿ, ಕೇಸು ವಾಪಸ್ಸು ತೆಗೆದುಕೊಳ್ಳೋಣ ಎಂದು ನಾನೂ ಮನಸ್ಸು ಮಾಡಿಯೇ ಕಾಫಿ ತಂದೆ.

ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸು ಲೋಟ ಕೆಳಗಿಟ್ಟಳು. ‘ಅಕ್ಕಾ, ಕೇಸು ವಾಪಸ್ ತಗೊಳ್ಬೇಡಿ ಅಂತ ಹೇಳಕ್ಕೇ ನಾನು ಬಂದಿರೋದು’ ಎಂದಳು. ಸುಧಾಕರನೂ ಬೆಚ್ಚಿದ, ನಾವೂ ಬೆಚ್ಚಿದೆವು. ‘ದಿನಾ ಶೋರೂಮಲ್ಲಿ ಸುಳ್ಳು ಹೇಳಿ ಹೇಳಿ ಇವರಿಗೆ ಮನೇಲೂ ಅದೇ ಅಭ್ಯಾಸ ಆಗಿದೆ. ಸೋರೆಕಾಯಿ ತಂದು ಹಾಗಲಕಾಯಿ ಅಂತ ವಾದ ಮಾಡ್ತಾರೆ ಅಕ್ಕಾ! ಇದು ಎಳೇದು, ಬೆಳೆದ ಮೇಲೆ ಕಹಿ ಆಗುತ್ತೆ ಅಂತಾರೆ! ಮೊದ್ಲು ಹಿಂಗಿರ್ಲಿಲ್ಲ. ಕೆಲ್ಸ ಹೋದ್ರೆ ಇನ್ನೊಂದು ನೋಡ್ಕೋತೀವಿ. ನನಗೆ ನನ್ನ ಗಂಡ ವಾಪಸ್ ಬೇಕು.’ ಒಳಗಿನಿಂದ ನಮ್ಮತ್ತೆ, ‘ಶಭಾಷ್!’ ಎಂದರು. ನನಗೆ ಇಷ್ಟು ವರ್ಷದಲ್ಲಿ ಸಿಗದ ಶಭಾಷ್ ಅದು.

ಸುಧಾಕರ ಲೋಟದಲ್ಲಿದ್ದ ಕಾಫಿ ಕುಡಿದು ಮುಗಿಸಿದ. ಆಮೇಲೆ, ‘ಲಾಯರ್ ಹತ್ರ ಯಾವತ್ತು ಹೋಗಣ ಮೇಡಂ?’ ಎಂದ. ಅವನು ಆಯೋಗಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟ. ಆ ಗಾಡಿಯಲ್ಲಿ ಎಷ್ಟೋ ಜನ ಗಿರಾಕಿಗಳನ್ನು ತಾನೇ ಸುತ್ತಿಸಿದ್ದು, ಮಾರುವ ಮುಂಚಿನ ದಿನ ಕಿಲೋಮೀಟರಿನ ಲೆಕ್ಕ ಹಿಂದಕ್ಕೆ ತಿರುಗಿಸಿ, ಸೀಟಿನ ಕವರು ಬದಲಿಸಿ ಸೆಂಟು ಹೊಡೆದದ್ದು, ಎಲ್ಲವನ್ನೂ ಹೇಳಿದ. ಪುಳಿಯೋಗರೆಯ ಮಾತನ್ನು ಅವನು ಬರೆಯಲಿಲ್ಲ. ಅದು ಅವನದೇ ಡಬ್ಬಿಯದು ಎಂದು ಆಮೇಲೆ ತಿಳಿಯಿತು. ಹಳೆಯ ಗಾಡಿ ವಾಪಸ್ಸು ಪಡೆದು ಹೊಸದನ್ನು ಕೊಡಬೇಕೆಂದು ಆಯೋಗ ಆದೇಶ ಮಾಡಿತು. ಸುಧಾಕರ ಶೋರೂಮಿನವರು ತೆಗೆಯುವ ಮೊದಲೇ ಕೆಲಸ ಬಿಟ್ಟು, ಈಗ ಮದನಪಲ್ಲಿಯಲ್ಲಿ ಟ್ರ್ಯಾಕ್ಟರ್ ಮಾರುತ್ತಾನೆ. ಉತ್ತು ನೋಡದೆ ರೈತರು ಯಾರೂ ಟ್ರ್ಯಾಕ್ಟರ್ ಕೊಳ್ಳುವುದಿಲ್ಲವಂತೆ, ಹಾಗಾಗಿ ಸುಳ್ಳಿಗೆ ಅವಕಾಶ ಕಡಿಮೆ ಎಂದು ಅವನ ಹೆಂಡತಿ ಫೋನಿನಲ್ಲಿ ಸಂತೋಷದಿಂದ ಹೇಳಿದಳು.

ಹೊಸ ಕಾರು ಬಂತು. ನವಿಲುನೀಲಿಯದೇ. ಊರಲ್ಲಿ ನನ್ನ ಹೆಸರೂ ಹಬ್ಬಿತು. ಆಂಧ್ರದವರನ್ನು ಚಿಕ್ಕಬಳ್ಳಾಪುರಕ್ಕೆ ಎಳೆತಂದ ಹೆಂಗಸು ಎಂದು ಜನ ತೋರಿಸತೊಡಗಿದರು. ನಾನೂ ತುಸು ನೆಟ್ಟಗೆ ನಡೆಯತೊಡಗಿದೆ. ಆದರೆ ಹೆಸರು ಹಬ್ಬಿದ್ದರ ಫಲ ಬೇಗ ತಿಳಿಯಿತು. ತರಕಾರಿಯ ಮುನಿಯಮ್ಮ ಬುಟ್ಟಿಯನ್ನೇ ನನ್ನ ಮುಂದೆ ತಳ್ಳಿ, ‘ನೀವೇ ಒಂದೊಂದಾಗಿ ಆರಿಸ್ಕೊಳ್ಳಮ್ಮ, ಆಮೇಲೆ ಕೇಸು ಗೀಸು ಬೇಡ’ ಎಂದಳು. ಹಳೆಯ ಮಿಕ್ಸಿ ಕೆಟ್ಟಿತೆಂದು ಅಂಗಡಿಗೆ ಹೋದರೆ, ಮಾಲೀಕರು ಎದ್ದು ನಿಂತು ಕೈಮುಗಿದು ಸ್ಟಾಕ್ ಇಲ್ಲ ಎಂದರು. ಅವರ ತಲೆಯ ಹಿಂದೆ ಮಿಕ್ಸಿಯ ಡಬ್ಬಗಳು ಸೂರು ಮುಟ್ಟುವಂತೆ ಜೋಡಿಸಿದ್ದವು. ಇನ್ನೆರಡು ಅಂಗಡಿಗಳಲ್ಲೂ ಇದೇ ಕಥೆ. ಗ್ರಾಹಕಿಯ ಹಕ್ಕನ್ನು ಗೆದ್ದುಕೊಂಡ ನನಗೆ ಗ್ರಾಹಕಿಯಾಗುವ ಯೋಗವೇ ತಪ್ಪಿಹೋಯಿತು.

ಕೊನೆಗೆ ಶಬಾನಾ ಅವರಿಗೆ ದುಡ್ಡು ಕೊಟ್ಟು, ನನ್ನ ಹೆಸರೆತ್ತದೆ ಒಂದು ಮಿಕ್ಸಿ ತಂದುಕೊಡಿ ಎಂದು ಬೇಡಿಕೊಂಡೆ. ತಂದುಕೊಟ್ಟರು. ಮೊದಲ ದಿನ ಚಟ್ನಿಗೆ ಹಾಕಿದರೆ ಜಾರು ತಳದಿಂದ ಸೋರಿ, ಅರ್ಧ ಚಟ್ನಿ ಕಟ್ಟೆಯ ಮೇಲೆ ಹರಿಯಿತು. ನಾನು ಸೆರಗು ಸಿಕ್ಕಿಸಿಕೊಂಡು, ಮಿಕ್ಸಿಯನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೆ. ಗೇಟಿನ ಹತ್ತಿರ ನಿಂತಿದ್ದ ಯಜಮಾನರು ಬಿಲ್ಲನ್ನು ನನ್ನ ಕಣ್ಣ ಮುಂದೆ ಹಿಡಿದರು. ಅದರಲ್ಲಿ ಶಬಾನಾ ಅವರ ಹೆಸರಿತ್ತು. ಕಾಂಪೌಂಡಿನ ಆಚೆಯಿಂದ ಶಬಾನಾ ಕೂಗಿದರು: ‘ಅಕ್ಕಾ, ನನಗೆ ಕೋರ್ಟು ಕಚೇರಿ ಎಲ್ಲ ಆಗಲ್ಲ, ಹೋಗ್ಲಿ ಬಿಡಿ!’ ನಾನು ಒಳಗೆ ಬಂದು, ಜಾರಿನ ಕೆಳಗೊಂದು ತಟ್ಟೆ ಇಟ್ಟು, ಉಳಿದ ಚಟ್ನಿ ರುಬ್ಬಿದೆ.