ಬೊಮ್ಮಪ್ಪನ ಹೊಟ್ಟೆಯೊಳಗಿನ ಕತ್ತರಿ

ಬೊಮ್ಮಪ್ಪನಿಗೆ ಸಿಟ್ಟು ಬಂದರೆ ಮೂಗು ಕೆಂಪಾಗುತ್ತಿತ್ತು. ಮೂರು ವಾರದಿಂದ ಪ್ರತಿ ಭಾನುವಾರ ಮಟನ್ ಉಂಡ ಮೇಲೆ ಕೆಂಪಾಗುತ್ತಲೇ ಇತ್ತು.

ಎಂಬತ್ತು ಕುರಿಗಳ ಒಡೆಯ, ಸಂತೆಯಲ್ಲಿ ಕುರಿಯ ಬೆನ್ನು ಹಿಸುಕಿಯೇ ತೂಕ ಹೇಳುವ ಮಹಾನುಭಾವ. ಅಂಥವನ ಹೊಟ್ಟೆಯಲ್ಲಿ ಕುರಿ ಕರಗದೆ ಕಲ್ಲಾಗಿ ಕೂರುವುದೆಂದರೇನು? ತಪ್ಪು ಹೆಂಡತಿಯದೇ. (ಹೊಟ್ಟೆ ಅವನದು, ಅವನದು ಯಾವುದೂ ತಪ್ಪು ಮಾಡುವುದಿಲ್ಲ.)

"ಏನೇ ಜುಂಜಿ, ಮಟನ್ ಬೇಸೀಯೋ, ಬರೇ ಬೆದರ್ಸಿ ತಂದೀಯೋ?"

"ಹನ್ನೆರಡು ಸೀಟಿ ಹೊಡ್ಸೀನ್ರಿ! ನಿಮ್ಮ ಹೊಟ್ಟಿಗೇನು ಧಾಡಿ?"

"ಅಡಿಗಿ ಬರಲ್ಲ ಅಂತ ಒಪ್ಕೋ!"

ಹದಿನೆಂಟು ವರ್ಷ ಬೆರಳು ಚೀಪಿ ಉಂಡವನ ಬಾಯಲ್ಲಿ ಈ ಮಾತು! ಜುಂಜಮ್ಮನ ಮೈ ಉರಿದುಹೋಯಿತು. ಸೌಟು ಕುಕ್ಕಿ, ಊಟಕ್ಕೆ ಬಂದಿದ್ದ ಅಣ್ಣ ಉಚ್ಚಂಗೆಪ್ಪನನ್ನೇ ಸಾಕ್ಷಿ ಮಾಡಿದಳು.

"ಕೇಳಣ್ಣ, ನಾಳೆ ದವಾಖಾನಿಗೆ ಹೋಗೋಣ. ತಪ್ಪು ನನ್ನ ಅಡಿಗಿದಾದ್ರ ಗಂಟುಮೂಟೆ ಕಟ್ಕೊಂಡು ತೌರಿಗೆ ಬರ್ತೀನಿ. ಇವರ ಹೊಟ್ಟಿದಾದ್ರ ಇನ್ಮ್ಯಾಗ ಮಟನ್ ಇವರೇ ಮಾಡ್ಬೇಕು."

"ಆಗ್ಲಿ!" ಎಂದು ಬೊಮ್ಮಪ್ಪ ತೊಡೆ ತಟ್ಟಿದ. ತಟ್ಟಿದ ರಭಸಕ್ಕೆ ಒಂದು ತೇಗೂ ಬಂತು.

ಮರುದಿನ ಮೂವರೂ ರಾಯದುರ್ಗದ ದವಾಖಾನೆಗೆ ಹೋದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಏನಾದರೂ ಔಷಧಿ ತಗೊಳ್ಳುತ್ತೀರಾ ಎಂದು ಕೇಳಿದರು. ಬೊಮ್ಮಪ್ಪ ಹೆಮ್ಮೆಯಿಂದ ಗುಲಾಬಿ ಬಣ್ಣದ ಗ್ಯಾಸಿನ ಟಾನಿಕ್ಕು ತೆಗೆದ.

"ಮೂರು ವಾರ ಆತ್ರಿ, ಮಟನ್ ಉಣ್ಣೋಕ ಮೊದ್ಲೇ ಅರ್ಧ ಬಾಟ್ಲಿ ಇಳಿಸ್ತೀನಿ. ನಾಕು ತುಣುಕು ಜಾಸ್ತಿ ಹಿಡೀಲಿ ಅಂತ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಮಾಂಸದಾಗಿನ ಪ್ರೋಟೀನು ಕಂಬಳಿ ಇದ್ದಂಗ್ರಿ. ಹೊಟ್ಟಿಯೊಳಗಿನ ಹುಳಿ ರಸ ಅದರ ಹೆಣಿಗಿ ಬಿಚ್ಚತೈತಿ, ಪೆಪ್ಸಿನ್ ಅನ್ನೋ ಕತ್ತರಿ ತುಂಡು ಮಾಡತೈತಿ. ಕರುಳಿನಾಗ ಬ್ಯಾರೆ ಕತ್ತರಿಗಳು ಇನ್ನೂ ಸಣ್ಣಗ ಮಾಡಿದ ಮ್ಯಾಲೆ ಅದು ರಕ್ತಕ್ಕ ಸೇರತೈತಿ."

"ನನಗ ಆಪರೇಶನ್ನೇ ಆಗಿಲ್ರೀ! ಹೊಟ್ಟಿಯಾಗ ಕತ್ತರಿ ಯಾರು ಬಿಟ್ರು?" ಎಂದು ಬೊಮ್ಮಪ್ಪ ಗುಡುಗಿದ.

"ಹುಟ್ಟತಲೇ ಬಂದೈತಿ! ಹುಳಿ ಇದ್ರೇ ಅದು ಬಾಯಿ ತೆಗಿಯೋದು. ನೀವು ಟಾನಿಕ್ಕು ಸುರಿದು ಹುಳಿನೇ ಸಪ್ಪಗ ಮಾಡೀರಿ. ಅಡಿಗಿ ಏನು ಮಾಡೀತು?"

ಜುಂಜಮ್ಮ ಸಾಕ್ಷಿಗೆ ಬಂದಿದ್ದ ಅಣ್ಣನ ಮುಖ ನೋಡಿದಳು.

ಮುಂದಿನ ಭಾನುವಾರ ಬೊಮ್ಮಪ್ಪ ಹಲ್ಲು ಕಡಿಯುತ್ತಾ ಈರುಳ್ಳಿ ಹೆಚ್ಚಿದ, ಕಣ್ಣೀರಿಡುತ್ತಾ ಮಸಾಲೆ ಅರೆದ, ಹದಿನೈದು ಸೀಟಿ ಹೊಡೆಸಿ ಬಡಿಸಿದ. ಹಲ್ಲಿಲ್ಲದ ಉಚ್ಚಂಗೆಪ್ಪನೇ ಮೂರು ಸಲ ಹಾಕಿಸಿಕೊಂಡ. ಜುಂಜಮ್ಮ ಮಾತ್ರ ಗೋಡೆಗೆ ಒರಗಿ ಕೂತು ಮೊದಲ ತುಣುಕನ್ನೇ ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಗಂಡನ ಮೂಗು ಕೆಂಪಾಗುವುದನ್ನು ಕಾದು ಕೇಳಿದಳು:

"ಏನ್ರೀ, ಮಟನ್ ಬೇಸೀರೋ, ಬರೇ ಬೆದರ್ಸಿ ತಂದೀರೋ?"