ಅಲಿ, ಮಾರ್ಸಿಯಾನೋ ಮತ್ತು ಹತ್ತು ಕಿಲೋ ಮೆಣಸಿನಕಾಯಿ

ಹೆವಿವೇಟ್ ಎಂಬ ಶಬ್ದದ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲ ವ್ಯಕ್ತಿ ಹಾವೇರಿ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನು. ಇದು ಬಡಾಯಿಯಲ್ಲ, ಸೇವಾ ವಿವರ. ನಾನು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್. ನನ್ನ ಕಾಲದಲ್ಲಿ ಬ್ಯಾಡಗಿ ಪೇಟೆಯ ತಕ್ಕಡಿಗಳು ನನ್ನ ನೆರಳು ಕಂಡರೆ ಸಾಕು, ತಾವಾಗಿಯೇ ಸಮಕ್ಕೆ ಬಂದು ನಿಲ್ಲುತ್ತಿದ್ದವು. ಅಂಥ ನಾನು, ಜಗತ್ತಿನ ಅತ್ಯಂತ ತೂಕದ ಇಬ್ಬರು ಮನುಷ್ಯರಿಗೆ ಅನ್ಯಾಯವಾಗುವಾಗ ಸುಮ್ಮನಿರುವುದು ಹೇಗೆ?

ಅನ್ಯಾಯ ಬಂದದ್ದು ಮೊಬೈಲಿನಲ್ಲಿ. ನಮ್ಮ ಪಿಂಚಣಿದಾರರ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಪುಣ್ಯಾತ್ಮರು ಒಂದು ವಿಡಿಯೋ ಕಳಿಸಿದ್ದರು. ಬೇರೆ ಬೇರೆ ಕಾಲದ ಇಬ್ಬರು ಬಾಕ್ಸಿಂಗ್ ಚಾಂಪಿಯನ್ನರನ್ನು, ಮುಹಮ್ಮದ್ ಅಲಿ ಮತ್ತು ರಾಕಿ ಮಾರ್ಸಿಯಾನೋ ಅವರನ್ನು, ಕಂಪ್ಯೂಟರು ಒಂದೇ ಕಣಕ್ಕೆ ಇಳಿಸಿತ್ತು. ಎರಡನೆಯ ಸುತ್ತಿನಲ್ಲಿ ಅಲಿ ಅಂಗಾತ ಬಿದ್ದ. ಬೀಳಲಿ, ಅದು ಅಭಿಪ್ರಾಯದ ಮಾತು. ಆದರೆ ಆ ವಿಡಿಯೋದಲ್ಲಿ ಅಲಿಯನ್ನು ಮಾರ್ಸಿಯಾನೋಗಿಂತ ಗಿಡ್ಡ ಮಾಡಿದ್ದರು. ಅಲಿಯ ಎತ್ತರ ಆರು ಅಡಿ ಮೂರು ಅಂಗುಲ. ಮಾರ್ಸಿಯಾನೋ ಆರಡಿಯನ್ನು ಮುಟ್ಟಿದವನೇ ಅಲ್ಲ. ಕೈ ಚಾಚಿದರೆ ಅಲಿಯದು ಸುಮಾರು ಹತ್ತು ಅಂಗುಲ ಹೆಚ್ಚು. ಮೀಟರಿನಲ್ಲಿ ಅರ್ಧ ಅಂಗುಲ ನುಂಗಿದ ಬಟ್ಟೆ ವರ್ತಕನನ್ನೇ ನಾನು ಬಿಟ್ಟವನಲ್ಲ. ಈ ಕಂಪ್ಯೂಟರನ್ನು ಬಿಡುವುದುಂಟೇ? ಪ್ರಶ್ನೆಯನ್ನು ಅಂದೇ, ಸಾಕ್ಷಿ ಸಮೇತ, ಇತ್ಯರ್ಥ ಮಾಡುವುದೆಂದು ಸಂಕಲ್ಪ ಮಾಡಿದೆ.

ಕಂಪ್ಯೂಟರು ಕೈಗೆ ಸಿಗುವಂಥದ್ದಲ್ಲವಾದ್ದರಿಂದ ರಹಿಮಾನಸಾಬರನ್ನು ಹಿಡಿದೆ.

ರಹಿಮಾನಸಾಬರು ನಮ್ಮ ನೆರೆಯವರು, ನಿವೃತ್ತ ಬಸ್ ಡ್ರೈವರ್. ದಿನವೂ ಬೆಳಗಿನ ಚಹಾಕ್ಕೆ ನಮ್ಮ ಪಡಸಾಲೆಗೆ ಬರುತ್ತಾರೆ. ಅಂದು ವಿಡಿಯೋ ನೋಡಿ ತುಂಬ ಪ್ರಸನ್ನರಾಗಿದ್ದರು.

"ಬರೋಬ್ಬರಿ ಐತಲ್ರಿ ಅಣ್ಣಾಜಿಯವರ," ಎಂದರು. "ನಲವತ್ತೊಂಬತ್ತು ಆಡ್ಯಾನ, ನಲವತ್ತೊಂಬತ್ತೂ ಗೆದ್ದಾನ. ನಿಮ್ಮ ಅಲಿ ಐದು ಸಲ ಸೋತಾನ."

"ನಿಮ್ಮ ಅಲಿ ಅಂತೀರಲ್ಲ. ನೀವು ಅವನ ಕಡೆ ಇರಬೇಕಾದವರು."

"ಯಾಕ? ಹೆಸರು ನೋಡಿ ಓಟು ಹಾಕಾಕ ಇದೇನು ಪಂಚಾಯ್ತಿ ಇಲೆಕ್ಷನ್ನೇನ್ರಿ? ನಾ ಕಾಗಿನೆಲಿ ಬಸ್ಸು ಒಂದು ಅಪಘಾತ ಇಲ್ದ ಹೊಡದು ರಿಟೈರ್ ಆದಾವ. ಒಮ್ಮೆನೂ ಸೋಲದ, ಮನೀಗೆ ಹೋಗೂದು ಎಷ್ಟು ಕಠಿಣ ಐತಿ, ನನಗ ಗೊತ್ತೈತಿ."

ಉತ್ತರಕ್ಕೆ ನಾನು ೧೯೭೪ರ ಕಿನ್ಶಾಸಾವನ್ನು ಮುಂದಿಟ್ಟೆ. ಎಂಥೆಂಥವರನ್ನೋ ಚಿಂದಿ ಮಾಡಿದ್ದ ಫೋರ್‌ಮನ್ನನ ಗುದ್ದುಗಳನ್ನು ಅಲಿ ಹಗ್ಗಕ್ಕೆ ಒರಗಿ ನಿಂತು ಒಂದೊಂದಾಗಿ ಸ್ವೀಕರಿಸಿದ್ದು, ಎದುರಾಳಿ ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಕೆಡವಿದ್ದು. ಹೇಳುವಾಗ ಈ ವಯಸ್ಸಿನಲ್ಲೂ ನನಗೆ ಮೈ ಜುಮ್ಮೆನ್ನುತ್ತದೆ. ರಹಿಮಾನಸಾಬರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ಮೆಲ್ಲಗೆ ೧೯೫೧ಕ್ಕೆ ಹೋದರು. ವಯಸ್ಸಾಗಿದ್ದ ಜೋ ಲೂಯಿಯನ್ನು ಮಾರ್ಸಿಯಾನೋ ಸೋಲಿಸಿದ. ಚಿಕ್ಕಂದಿನಿಂದ ಆರಾಧಿಸಿದವನನ್ನು ತಾನೇ ಕೆಡವಿದೆನೆಂದು ಆ ರಾತ್ರಿ ಅತ್ತನಂತೆ.

"ಗೆದ್ದು ಅತ್ತಾವ ರೀ ಅಂವಾ," ಎಂದರು.

ನಾನು ಅವರ ಬಸಿಗೆ ಇನ್ನಷ್ಟು ಚಹಾ ಸುರಿದೆ.

"ಇಂಥಾ ಜೋಡಿ ಖರೇನ ಹಚ್ಚಿದ್ರ ನೋಡಬೇಕಿತ್ರಿ," ಎಂದು ಅವರು ನಿಟ್ಟುಸಿರು ಬಿಟ್ಟರು. ನಮ್ಮ ಕಡೆಯ ಕುಸ್ತಿ ಕಣದಲ್ಲಿ ಎದುರುಬದುರು ನಿಲ್ಲಿಸಿದ ಇಬ್ಬರು ಪೈಲ್ವಾನರಿಗೆ ಜೋಡಿ ಎನ್ನುತ್ತಾರೆ.

"ಹಚ್ಚೋಣ," ಎಂದೆ. ನನ್ನ ದೃಷ್ಟಿ ಆಗಲೇ ಪಡಸಾಲೆಯ ನಡುವೆ ತೂಗುತ್ತಿದ್ದ ಚೀಲದ ಮೇಲಿತ್ತು.

ಆ ಚೀಲದ ವಿಷಯ ಹೇಳಬೇಕು. ಅದರಲ್ಲಿ ತೊಟ್ಟು ಮುರಿದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿದ ಹತ್ತು ಕಿಲೋ ಮೆಣಸಿನಕಾಯಿ ಇತ್ತು. ಇಲಿಯ ಕಾಟಕ್ಕೆಂದು ನನ್ನ ಪತ್ನಿ ಅನಸೂಯಾಬಾಯಿ ಅದನ್ನು ತೂಗುಮಣೆಯ ಕೊಂಡಿಗೆ ಕಟ್ಟಿದ್ದಳು. ಅಂದೇ ಗಿರಣಿಗೆ ಹೋಗಿ ಖಾರದ ಪುಡಿಯಾಗಬೇಕು. ಮಧ್ಯಾಹ್ನ ರಾಣೆಬೆನ್ನೂರಿನಿಂದ ನಮ್ಮ ಬೀಗತಿ, ಅಂದರೆ ಮಗಳು ಪದ್ಮಜಾಳ ಅತ್ತೆ ಗೋದಾಬಾಯಿಯವರು, ಸ್ವತಃ ಬಂದು ಒಯ್ಯಬೇಕು. ಹೋದ ವರ್ಷ ಇವಳು ಕೊಟ್ಟ ಖಾರವನ್ನು ಬೀಗತಿ ನಾಲಿಗೆಯ ತುದಿಗೆ ಹಚ್ಚಿಕೊಂಡು, ನೆಂಟರೆಲ್ಲರ ಎದುರಿಗೆ, "ಬಣ್ಣ ಛಲೋ ಬಂದದ್ರಿ. ಖಾರ ಮಾತ್ರ ಇಲ್ಲ," ಎಂದಿದ್ದರು. ಆ ಮಾತನ್ನು ಅನಸೂಯಾಬಾಯಿ ವರ್ಷವಿಡೀ ಒಲೆಯ ಮುಂದೆ ಗೊಣಗಿಕೊಂಡಿದ್ದಾಳೆ.

"ನಾ ಗಿರಣಿಯವನ ಕಡೆ ಪಾಳಿ ಕೇಳಿ ಬರ್ತೀನಿ," ಎಂದು ಆಕೆ ಚಪ್ಪಲಿ ಮೆಟ್ಟಿದಳು. "ಚೀಲಕ್ಕ ಕೈ ಹಚ್ಚಬ್ಯಾಡ್ರಿ ಮತ್ತ."

ನಾನು ಕೈ ಹಚ್ಚಲಿಲ್ಲ. ಎರಡೂ ಕೈಗೆ ದಪ್ಪ ಟವೆಲ್ ಸುತ್ತಿಕೊಂಡೆ. ಆದ್ದರಿಂದ ಆದೇಶದ ಉಲ್ಲಂಘನೆಯಾಯಿತೆಂದು ಯಾರೂ ಹೇಳುವಂತಿಲ್ಲ.

"ಮೆಣಸಿನಕಾಯಿ ಐತ್ರಿ ಅದರಾಗ," ಎಂದು ರಹಿಮಾನಸಾಬರು ಹಿಂದೆ ಸರಿದರು. "ಘಾಟು ಹತ್ತತೈತಿ."

"ಬ್ಯಾಡಗಿ ಡಬ್ಬಿ ಕಾಯಿ ಅದು. ಬಣ್ಣಕ್ಕ ಹೆಸರಾದದ್ದು, ಖಾರ ಕಡಿಮಿ. ಈ ಪೇಟ್ಯಾಗ ಜೀವಮಾನ ಕಳದೀನಿ, ನನಗ ಹೇಳ್ತೀರಿ? ಗುದ್ದಿದ್ರ ಸೀನೂ ಬರೂದಿಲ್ಲ."

ಚೀಲವೇ ಮಾರ್ಸಿಯಾನೋ. ನಿಜವಾದ ಮಾರ್ಸಿಯಾನೋಗೆ ಹೋಲಿಸಿದರೆ ಎಪ್ಪತ್ತೈದು ಕಿಲೋದಷ್ಟು ಕೊರತೆ ಇತ್ತೆಂಬುದನ್ನು ಆರಂಭದಲ್ಲೇ ಘೋಷಿಸಿದೆ. ರಹಿಮಾನಸಾಬರು ರೆಫರಿ. ನಾನು ಧೋತರ ಮೇಲೆ ಕಟ್ಟಿ, ಅಲಿಯಾಗಿ, ಕಾಲ ತುದಿಯಲ್ಲಿ ಚೀಲದ ಸುತ್ತ ನರ್ತಿಸತೊಡಗಿದೆ. ಎಡಗೈಯ ಗುದ್ದು ಒಂದು. ಮತ್ತೊಂದು. ಒಳಗೆ ಕಾಯಿಗಳು ಪಟಪಟನೆ ಮುರಿದ ಸದ್ದು ಕೇಳಿ ಉತ್ಸಾಹ ಹೆಚ್ಚಿತು.

"ನೋಡ್ರಿ, ಹತ್ತು ಅಂಗುಲದ ಫರಕು," ಎಂದೆ. "ಅಂವಾ ಹತ್ತರ ಬರೂದರಾಗ ನಾ ಗುದ್ದಿ ಹೊಳ್ಳಿ ಬಂದಿರ್ತೀನಿ."

"ಮಾರ್ಸಿಯಾನೋಗೂ ಒಂದು ಪಾಳಿ ಕೊಡ್ರಿ. ಅನ್ಯಾಯ ಆಗಬಾರದು."

"ಬರ್ಲಿ," ಎಂದು ಬಲಗೈಯನ್ನು ಹಿಂದಕ್ಕೆಳೆದು, ಇಲಾಖೆಯ ಸಮಸ್ತ ಗೌರವವನ್ನೂ ಅದರಲ್ಲಿಟ್ಟು ಗುದ್ದಿದೆ. ಚೀಲ ಗೋಡೆಯ ತನಕ ಹೋಯಿತು. ನಾನು ರೆಫರಿಯ ಮೆಚ್ಚುಗೆಗಾಗಿ ಆ ಕಡೆ ತಿರುಗಿದೆ. ತೂಗುಬಿಟ್ಟ ವಸ್ತು ಹೋದಷ್ಟೇ ವೇಗದಲ್ಲಿ ಹಿಂದಿರುಗುತ್ತದೆಂಬುದು ಯಾವ ತಕ್ಕಡಿಯವನಿಗೂ ಗೊತ್ತಿರುವ ಸಂಗತಿ. ನನಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ. ಮಾರ್ಸಿಯಾನೋ ಬಂದು ಮುಖಕ್ಕೆ ಬಡಿದ. ನಾನು ಅಂಗಾತ ಬಿದ್ದೆ. ಚೀಲದ ಹೊಲಿಗೆ ಬಿಚ್ಚಿ, ಹತ್ತು ಕಿಲೋದಲ್ಲಿ ಬಹುಪಾಲು ನನ್ನ ಮೇಲೆ ಸುರಿಯಿತು.

ಕೆಂಪು ಧೂಳು ಎದ್ದಿತು. ಕಣ್ಣು, ಮೂಗು, ಗಂಟಲು ಒಟ್ಟಿಗೆ ಹೊತ್ತಿಕೊಂಡವು. ರಹಿಮಾನಸಾಬರು ಮಾತ್ರ ಕರ್ತವ್ಯ ಬಿಡಲಿಲ್ಲ.

"ಒಂದು... ಎರಡು... ಮೂ... ಆಕ್ಷೀ. ಎಲ್ಲಿಗೆ ಬಂದಿದ್ನಿರಿ?"

"ಎರಡು," ಎಂದೆ ನೆಲದ ಮೇಲಿನಿಂದ, ಸತ್ಯಕ್ಕೆ ಬದ್ಧನಾಗಿ.

"ಮೂರು... ನಾಕು... ಆಕ್ಷೀ. ಆಕ್ಷೀ. ಈಗ?"

ಹತ್ತರವರೆಗೆ ಎಣಿಕೆ ಕೊನೆಗೂ ಮುಟ್ಟಲಿಲ್ಲ. ಆದ್ದರಿಂದ ನಿಯಮದ ಪ್ರಕಾರ ನಾನು ಸೋತೆನೆಂದು ಇಂದಿಗೂ ಹೇಳಲು ಬರುವುದಿಲ್ಲ.

ಅಷ್ಟರಲ್ಲಿ ಅನಸೂಯಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬ್ಯಾಡಗಿ ಕಾಯಿಗೆ ಇಷ್ಟು ಘಾಟು ಇರಲಿಕ್ಕೆ ಸಾಧ್ಯನ ಇಲ್ಲ," ಎಂದು ನಾನು ಮಲಗಿದಲ್ಲಿಂದಲೇ ಆಕ್ಷೇಪಣೆ ಸಲ್ಲಿಸಿದೆ. "ಇದರಾಗ ಕಲಬೆರಕಿ ಆಗೇದ."

"ಕಲಬೆರಕಿ ಅಲ್ಲ, ಜೋಡಿ. ಈ ವರ್ಷ ಗುಂಟೂರು ಕಾಯಿ ಕೂಡಸೀನಿ. ಬಣ್ಣಕ್ಕ ಅದು, ಖಾರಕ್ಕ ಇದು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಗೋದಾಬಾಯಿಯವರ ಮುಂದ ಯಾವುದು ಎಷ್ಟು ಕಿಲೋ ಅಂತ ತೂಕದ ಸಮೇತ ಹೇಳ್ತಿದ್ರಿ."

ಅದು ಸತ್ಯವಾದ್ದರಿಂದ ನಾನು ಕೆಮ್ಮಿದೆ. ಆಕೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಒಂದು ವರ್ಷ ಕಾದಿದ್ದೆ ರೀ," ಎಂದು ಸಣ್ಣ ದನಿಯಲ್ಲಿ ಹೇಳಿದಳು. "ಈಗ ಅವರು ಬರೂ ಹೊತ್ತಾತು. ನೆಲದ ಮ್ಯಾಲಿಂದು ಬಳದು ಕೊಡ್ಲಿ?"

ಹೊರಗೆ ಆಟೋ ನಿಂತಿತು. ಗೋದಾಬಾಯಿಯವರು ಮಧ್ಯಾಹ್ನದ ಬದಲು ಮುಂಚಿನ ಬಸ್ಸಿಗೇ ಬಂದಿದ್ದರು. ಗೇಟು ತೆರೆದರು, ಎರಡು ಹೆಜ್ಜೆ ಇಟ್ಟರು, ತೆರೆದ ಬಾಗಿಲಾಚೆ ನೆಲದ ಮೇಲೆ ಹರಡಿದ್ದ ಕೆಂಪು ರಾಶಿ ನೋಡುತ್ತ ಅಲ್ಲೇ ನಿಂತರು.

"ಅನಸೂಯಾಬಾಯಿಯವರ... ಆಕ್ಷೀ... ಏನ್ರಿ ಇದು, ಅಂಗಳದಾಗ ನಿಂತ್ರೂ ಕಣ್ಣಾಗ ನೀರು... ಆಕ್ಷೀ... ಈ ಸಲದ ಖಾರ ಏನ್ರಿ? ಅಯ್ಯ ನಮ್ಮವ್ವ, ಖಾರ ಅಂದ್ರ ಹಿಂಗ ಇರಬೇಕು ನೋಡ್ರಿ... ನೆಲದ ಮ್ಯಾಲಿಂದಾದ್ರೂ ನಡೀತದ, ಜರಡಿ ಹಿಡದು ಕೊಡ್ರಿ... ಆಕ್ಷೀ."

ಅನಸೂಯಾಬಾಯಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಅಷ್ಟು ನೆಟ್ಟಗೆ ನಿಂತ ಚಾಂಪಿಯನ್ನನ ಚಿತ್ರವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಅಲಿಯಾಗಲಿ ಮಾರ್ಸಿಯಾನೋ ಆಗಲಿ ಕೈ ಎತ್ತದೆ, ಎದುರಾಳಿ ಕಣಕ್ಕೆ ಕಾಲಿಡುವ ಮೊದಲೇ ಗೆದ್ದ ದಾಖಲೆ ಇಲ್ಲ.

"ನಾಕೌಟ್," ಎಂದು ರಹಿಮಾನಸಾಬರು ಕಣ್ಣೊರೆಸಿಕೊಂಡರು.

ಗೋದಾಬಾಯಿಯವರು ಒಳಗೆ ಬಂದಾಗ ನಾನು ಮೆಣಸಿನಕಾಯಿಯ ರಾಶಿಯಿಂದ ಏಳಲು ಪ್ರಯತ್ನಿಸುತ್ತಿದ್ದೆ.

"ಅಯ್ಯ, ಬೀಗರಿಗೇನಾತ್ರಿ? ಮಾರಿ ಇಷ್ಟು ಕೆಂಪಗಾಗೇದ!"

ಅನಸೂಯಾಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ತೂಗಿ ನೋಡಿದಳು.

"ಏನಿಲ್ಲ ತಗೋರಿ. ಬಣ್ಣ ಛಲೋ ಬಂದದ. ಖಾರ ಮದಲಿಂದನೂ ಇಲ್ಲ."