ಬಸವನಹುಳುಗಳಿಗೆ ಬಂದ ಕರೆ

ಗದಗಿನ ಗಂಗಾಂಬಿಕಾ ಟೀಚರ ಪಡಸಾಲೆಯಲ್ಲಿ, ಮೀನಿನ ತೊಟ್ಟಿಯ ಪಕ್ಕ, ಎಲೆಅಡಕೆ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನಿಟ್ಟು ಫಕೀರಪ್ಪ ಎದೆಯುಬ್ಬಿಸಿ ನಿಂತ.

"ಇದರ ಹೆಸರು ಬಸವಾಕರ್ಷಕ, ಟೀಚರ್. ಒಂದು ಹುಳಾನೂ ಸಾಯೂದಿಲ್ಲ, ಒಂದೂ ಉಳಿಯೂದಿಲ್ಲ."

ಟೀಚರ್ ಕನ್ನಡಕ ಏರಿಸಿ ನೋಡಿದರು. ಓಣಿಯ ಕೊನೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಈ ಫಕೀರಪ್ಪ ಅವರ ಹಳೆಯ ವಿದ್ಯಾರ್ಥಿ. ಏಳನೆಯ ಇಯತ್ತೆಯಲ್ಲಿ ನಕಾಶೆಯ ಮೇಲೆ ಕಾವೇರಿಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿದವನು. ಅಂಥವನನ್ನು ನಂಬುವುದು ಸುಲಭವಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಎರಡು ತಿಂಗಳ ಹಿಂದೆ ತಂದ ನೀರುಗಿಡಕ್ಕೆ ಅಂಟಿಕೊಂಡು ಬಂದ ಒಂದೆರಡು ಬಸವನಹುಳು ಈಗ ಇನ್ನೂರಾಗಿದ್ದವು. ಗಾಜಿನ ಮೇಲೆ ಹುಳು, ಕಲ್ಲಿನ ಮೇಲೆ ಹುಳು. ಅದನ್ನಾದರೂ ಸಹಿಸಬಹುದಿತ್ತು. ಟೀಚರ್ ಮಕ್ಕಳಂತೆ ಸಾಕಿದ್ದ ಏಂಜಲ್ ಮೀನಿನ ಜೋಡಿ ನಾಲ್ಕು ವರ್ಷಗಳಲ್ಲಿ ಮೊದಲ ಸಲ ಕಲ್ಲಿನ ಮೇಲೆ ತತ್ತಿಯಿಟ್ಟಿತ್ತು. ಅವರು ಪೇಟೆಗೆ ಹೋಗಿ ಬರುವಷ್ಟರಲ್ಲಿ ತತ್ತಿಯೆಲ್ಲ ಮಾಯ. ಆ ಜಾಗದಲ್ಲಿ ಒಂದು ಬಸವನಹುಳು ಹಾಯಾಗಿ ಕುಳಿತಿತ್ತು. ಆದರೂ ಔಷಧ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಬಸವನ ಹೆಸರು ಹೊತ್ತ ಪ್ರಾಣಿಯನ್ನು ಕೊಲ್ಲುವುದುಂಟೆ? ಇತ್ತ ಹೆಣ್ಣುಮೀನಿನ ಹೊಟ್ಟೆ ಮತ್ತೆ ಉಬ್ಬಿತ್ತು. ಇವತ್ತೋ ನಾಳೆಯೋ ಅನ್ನುವಂತಿತ್ತು.

"ಹಚ್ಚು," ಎಂದರು ಟೀಚರ್.

ಯಂತ್ರ ಗುಂಯ್ ಎಂದಿತು. ಹತ್ತು ನಿಮಿಷ ಏನೂ ಆಗಲಿಲ್ಲ.

"ಎಲ್ಲೈತೋ ನಿನ್ನ ಆಕರ್ಷಣೆ?"

"ಕರೆ ಮುಟ್ಟೇತ್ರಿ. ಬರಾಕ ಹೊತ್ತು ಬೇಕು. ಅವೇನು ಕುದುರಿ ಏನ್ರಿ?"

ಅಷ್ಟರಲ್ಲಿ ಒಂದು ಹುಳು ಕೊಂಬು ನಿಗುರಿಸಿ ಇತ್ತ ತಿರುಗಿತು. ಅದರ ಹಿಂದೆ ಇನ್ನೊಂದು. ಸಾಲುಗಟ್ಟಿ ಗಾಜು ಹತ್ತಿ, ಫಕೀರಪ್ಪ ಅಂಚಿಗೆ ಆನಿಸಿಟ್ಟಿದ್ದ ಇಳಿಜಾರು ಹಲಗೆಯ ಮೇಲೆ ತೆವಳಿ, ಒಂದೊಂದಾಗಿ ಕೆಳಗಿಟ್ಟ ಬಕೆಟ್ಟಿಗೆ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಕನ್ನಡಿಯಂತಾಯಿತು.

"ನೂರಕ್ಕ ನೂರು," ಎಂದರು ಟೀಚರ್. ಫಕೀರಪ್ಪನ ಕಣ್ಣಲ್ಲಿ ನೀರಾಡಿತು. ಶಾಲೆಯಲ್ಲಿ ಅವನ ದಾಖಲೆ ಇಪ್ಪತ್ತೊಂದು.

ಆಗಲೇ ಅವನ ಹೆಂಡತಿ ದ್ಯಾಮವ್ವ ಬಾಗಿಲಲ್ಲಿ ಕಾಣಿಸಿಕೊಂಡಳು. "ಸನ್ಮಾನ ಆಮ್ಯಾಲೆ ಮಾಡ್ರಿ. ಮೊದಲ ಹೊರಗ ಬಂದು ನೋಡ್ರಿ."

ಓಣಿಯ ಬಾವಿಯಿಂದ, ಗಟಾರದಿಂದ, ಪ್ರತಿ ಮನೆಯ ಹಿತ್ತಿಲಿನಿಂದ ಬಸವನಹುಳುಗಳು ಹೊರಟಿದ್ದವು. ರಸ್ತೆಯೇ ಮೆಲ್ಲಗೆ ಟೀಚರ ಮನೆಯ ಕಡೆಗೆ ಹರಿಯುತ್ತಿರುವಂತಿತ್ತು.

"ಓಡ್ರಿ," ಎಂದ ಫಕೀರಪ್ಪ.

"ಯಾಕ ಅವಸರ? ಹೊಸ್ತಿಲ ದಾಟಾಕ ಅವಕ್ಕ ಇನ್ನೂ ಎರಡು ತಾಸು ಬೇಕು," ಎಂದಳು ದ್ಯಾಮವ್ವ. "ಚಾ ಕುಡದ ಓಡೂಣು."

"ಬಂದ್ ಮಾಡೋ ಅದನ್ನ," ಎಂದರು ಟೀಚರ್.

"ಬಂದ್ ಮಾಡೋ ಗುಂಡಿ ಇಟ್ಟಿಲ್ರಿ. ಬ್ಯಾಟರಿ ಎಂಟು ದಿನ ಬರ್ತೈತಿ."

ಎರಡು ತಾಸಿನ ಮೇಲೆ ಹುಳುಗಳು ಒಳಬಂದವು. ಪರದೆಯ ಮೇಲೆ, ಫ್ಯಾನಿನ ಮೇಲೆ, ಗೋಡೆಯ ಭಾರತದ ನಕಾಶೆಯ ಮೇಲೂ ಹತ್ತಿದವು. ಕೆಲವು ಮೀನಿನ ತೊಟ್ಟಿಯ ಅಂಚನ್ನು ಮುಟ್ಟಿದಾಗ ಟೀಚರ ಜೀವ ಬಾಯಿಗೆ ಬಂತು. ದ್ಯಾಮವ್ವ ಒಳಗಿನಿಂದ ಒನಕೆ ತಂದಳು. ಫಕೀರಪ್ಪ ಯಂತ್ರವನ್ನು ತಬ್ಬಿಕೊಂಡ.

"ತಡಿಯ, ಇನ್ನೊಂದು ಸಂದೇಶ ಐತಿ! 'ಎಲ್ಲಾರೂ ಮನಿಗೆ ಹೋಗ್ರಿ' ಅಂತ." ಅವನು ತಿರುಪು ತಿರುಗಿಸಿದ.

ಸಾವಿರಾರು ಹುಳುಗಳು ಒಮ್ಮೆಲೇ ನಿಂತವು. ಕೊಂಬು ಒಳಗೆಳೆದುಕೊಂಡವು. ಆಮೇಲೆ ಒಂದೊಂದೂ ತನ್ನ ಚಿಪ್ಪಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಮರುಕ್ಷಣ ಪರದೆಯಿಂದ, ಫ್ಯಾನಿನಿಂದ, ನಕಾಶೆಯಿಂದ ಟಪಟಪನೆ ಆಲಿಕಲ್ಲಿನಂತೆ ಉದುರಿದವು.

"ಹೇಳಿದ್ದ ಕೇಳ್ಯಾವ್ರಿ," ಎಂದ ಫಕೀರಪ್ಪ, ತಲೆಯ ಮೇಲೆ ಬಿದ್ದದ್ದನ್ನು ತೆಗೆಯುತ್ತ. "ಮನಿ ಬೆನ್ನ ಮ್ಯಾಲೆ ಐತೆಲ್ಲ."

ಇದರಿಂದ ಒಂದು ಅನುಕೂಲವಾಯಿತು. ಮೂವರೂ ಕಸಬರಿಗೆ ಹಿಡಿದು ಗುಡಿಸಿ, ಹನ್ನೊಂದು ಬುಟ್ಟಿ ತುಂಬಿ, ಟಂಟಂ ಗಾಡಿಯಲ್ಲಿ ಊರಾಚೆಯ ಕೆರೆಗೆ ಸಾಗಿಸಿದರು.

ತಿರುಗಿ ಬಂದಾಗ ಕಲ್ಲಿನ ಮೇಲೆ ಮುತ್ತಿನಂಥ ತತ್ತಿಗಳಿದ್ದವು. ಟೀಚರ್ ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕಾವಲು ಕುಳಿತರು. ಗಂಡುಮೀನು ಬಂತು. ರೆಕ್ಕೆಯಿಂದ ತತ್ತಿಗಳಿಗೆ ಮೆಲ್ಲಗೆ ಗಾಳಿ ಬೀಸಿತು. ಟೀಚರ ಕಣ್ಣು ತುಂಬಿ ಬಂತು. ಮೀನು ಆಚೆ ಈಚೆ ನೋಡಿತು. ಬಾಯಿ ತೆರೆದು ಗುಳುಂ ಎಂದು ಒಂದು ತತ್ತಿ ನುಂಗಿತು. ಆಮೇಲೆ ಎರಡನೆಯದು. ಆಮೇಲೆ ಎಣಿಸದೆ ನುಂಗತೊಡಗಿತು.

"ಮೀನಿಗೂ ಒಂದು ಯಂತ್ರ..." ಎಂದು ಫಕೀರಪ್ಪ ಬಾಯಿ ತೆರೆದ. ದ್ಯಾಮವ್ವ ಅವನ ರಟ್ಟೆ ಹಿಡಿದು ಹೊರಗೆ ನಡೆಸಿದಳು.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ತತ್ತಿ ತಿಂದಾಂವ ಅಪ್ಪ," ಎಂದರು. "ಊರ ಬಿಟ್ಟಾಂವ ಬಸವ."